ತೊಟ್ಟಿಗೆ ಮುಚ್ಚಳ, ಮನೆಗೆ ಉಬ್ಬಸ

ಮಲೆನಾಡಿನ ಹಳೆಯ ತೊಟ್ಟಿಮನೆಗಳು ಹೋಂಸ್ಟೇಗಳಾಗುತ್ತಿರುವುದು ಹೊಸ ಸುದ್ದಿಯಲ್ಲ. ಇಂಥ ಮನೆಯನ್ನು ಇಡಿಯಾಗಿ ಒಂದೇ ಯಂತ್ರದಿಂದ ತಂಪಾಗಿಸಬೇಕೆಂಬ ಹಂಬಲ ಈಗ ಕೆಲವರನ್ನು ಹಿಡಿದಿದೆ. ಅತಿಥಿಗೆ ನಗರದ ಚಳಿ ಬೇಕಂತೆ! ಆ ಚಳಿಗಾಗಿ ಮನೆ ತೆರುವ ಬೆಲೆಯನ್ನಾಗಲಿ, ನಾಡು ತೆರುವ ಬೆಲೆಯನ್ನಾಗಲಿ ಲೆಕ್ಕ ಹಾಕಿದವರು ವಿರಳ.

ಕೇಂದ್ರೀಯ ಹವಾನಿಯಂತ್ರಣಕ್ಕೆ ತಣ್ಣನೆಯ ಗಾಳಿಯನ್ನು ಕೋಣೆಕೋಣೆಗೆ ಒಯ್ಯುವ ಅಗಲವಾದ ಕೊಳವೆಗಳು, ಅಂದರೆ ಡಕ್ಟ್‌ಗಳು ಬೇಕು. ಹಳೆಯ ಮನೆಯಲ್ಲಿ ಅವುಗಳಿಗೆ ಎಡೆಯಿಲ್ಲ. ಆದ್ದರಿಂದ ಅಟ್ಟದ ಕೆಳಗೆ ಫಾಲ್ಸ್ ಸೀಲಿಂಗ್ ಕಟ್ಟಬೇಕು, ಮಣ್ಣಿನ ಗೋಡೆಗಳನ್ನು ಒಡೆಯಬೇಕು, ಹಂಚಿನ ಸಂದುಗಳನ್ನು ಮುಚ್ಚಬೇಕು, ಕೊನೆಗೆ ತೊಟ್ಟಿಯ ಬಾಯಿಗೇ ಪ್ಲಾಸ್ಟಿಕ್ ಹಾಳೆ ಹೊದಿಸಬೇಕು. ಡಕ್ಟ್ ಬೇಡದ ಸ್ಪ್ಲಿಟ್ ಯಂತ್ರಗಳಾದರೆ ಗೋಡೆಗೊಂದು ಸಣ್ಣ ತೂತು ಸಾಕು, ನಿಜ. ಆದರೆ ಕೋಣೆಯನ್ನು ಮುಚ್ಚುವ ಅನಿವಾರ್ಯತೆ ಅಲ್ಲಿಯೂ ತಪ್ಪದು.

ಈ ಮುಚ್ಚುವಿಕೆಯೇ ಅನಾಹುತದ ಮೂಲ. ತೊಟ್ಟಿಮನೆ ತಾನೇ ಒಂದು ಹವಾನಿಯಂತ್ರಣ. ದಪ್ಪ ಮಣ್ಣಿನ ಗೋಡೆ ಹಗಲಿನ ಕಾವನ್ನು ತಡೆದು ನಿಧಾನಿಸುತ್ತದೆ. ಮುಂದೆ ಚಾಚಿದ ಮಾಡು ಗೋಡೆಗೆ ಬಿಸಿಲು ತಾಗದಂತೆ ಕಾಯುತ್ತದೆ. ಮೇಲೇರಿದ ಬಿಸಿಗಾಳಿ ಹಂಚಿನ ಸಂದಿನಿಂದಲೂ ತೊಟ್ಟಿಯ ಬಾಯಿಂದಲೂ ಹೊರಹೋಗುತ್ತದೆ. ತೊಟ್ಟಿಗೆ ಮುಚ್ಚಳ ಬಿದ್ದರೆ ಈ ಉಸಿರಾಟ ನಿಲ್ಲುತ್ತದೆ. ತೇವ ತುಂಬಿದ ಗಾಳಿ ತಣ್ಣಗಾದ ಡಕ್ಟಿಗೆ ತಾಗಿ ನೀರಾಗುತ್ತದೆ. ಸೀಲಿಂಗಿನ ಮೇಲಿನ ಕತ್ತಲಲ್ಲಿ ಬೂಷ್ಟು ಬೆಳೆಯುತ್ತದೆ. ತೊಲೆಗೆ ಗೆದ್ದಲು ಹಿಡಿದರೂ ತಿಳಿಯದು, ಹಂಚು ಸೋರಿದರೂ ಕಾಣದು.

ಇನ್ನು ವಿದ್ಯುತ್ತಿನ ಲೆಕ್ಕ. ಒಂದು ಟನ್ ಸಾಮರ್ಥ್ಯದ ಯಂತ್ರ ಪೂರ್ಣ ಬಲದಿಂದ ನಡೆದರೆ ಗಂಟೆಗೆ ಸುಮಾರು 3.5 ಯೂನಿಟ್‌ನಷ್ಟು ಶಾಖವನ್ನು ಒಳಗಿನಿಂದ ಹೊರಗೆಸೆಯುತ್ತದೆ. ಅದಕ್ಕೆ ತಗಲುವ ಸುಮಾರು 1 ಯೂನಿಟ್ ವಿದ್ಯುತ್ತೂ ಶಾಖವಾಗಿ ಅಂಗಳಕ್ಕೇ ಬೀಳುತ್ತದೆ. ಸಾಧಾರಣ ಫ್ಯಾನಿಗೆ 75 ವಾಟ್ ಸಾಕು. ಯಂತ್ರದೊಳಗಿನ ಅನಿಲವೂ ನಿರುಪದ್ರವಿಯಲ್ಲ. ಆರ್-410ಎ ಎಂಬ ಅನಿಲ ಸೋರಿದರೆ, ನೂರು ವರ್ಷಗಳ ಅವಧಿಯಲ್ಲಿ, ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 2,000 ಪಟ್ಟು ಹೆಚ್ಚು ಭೂಮಿಯನ್ನು ಕಾಯಿಸುತ್ತದೆ. ಇಂಥ ಅನಿಲಗಳನ್ನು ತಗ್ಗಿಸುವ 2016ರ ಕಿಗಾಲಿ ತಿದ್ದುಪಡಿಗೆ ಭಾರತ 2021ರಲ್ಲಿ ಸಮ್ಮತಿಯಿತ್ತಿದೆ.

ಮಲೆನಾಡಿನ ಮಟ್ಟಿಗೆ ವಿದ್ಯುತ್ತಿನ ಬೆಲೆ ಬಿಲ್ಲಿನಲ್ಲಿ ಬರೆದಷ್ಟೇ ಅಲ್ಲ. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟು ಮುಳುಗಿಸಿದ ಊರುಗಳ ಜನರ ಭೂಹಕ್ಕಿನ ಪ್ರಶ್ನೆ ಆರು ದಶಕ ಕಳೆದರೂ ಮುಗಿದಿಲ್ಲ. ಅದೇ ಶರಾವತಿ ಕಣಿವೆಯ ಸಿಂಗಳೀಕಗಳ ಕಾಡಿನಲ್ಲಿ, ಬೇಡಿಕೆ ಏರುವ ಹೊತ್ತಿನ ವಿದ್ಯುತ್ತಿಗಾಗಿ, 2,000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆಯನ್ನು ಮುಂದಿಡಲಾಗಿದೆ. ಸಂಜೆಯ ಹೊತ್ತು ಗುಡುಗುಡಿಸುವ ಪ್ರತಿಯೊಂದು ಎಸಿಯೂ ಆ ವಾದದ ಒಲೆಗೆ ಒಟ್ಟುವ ಸೌದೆ.

ಸೆಕೆ ಹೆಚ್ಚಿದೆ ಎಂಬ ಮಾತು ಸುಳ್ಳಲ್ಲ. ವೃದ್ಧರಿಗೆ, ರೋಗಿಗಳಿಗೆ ತಂಪು ಬೇಕೇಬೇಕಾದರೆ ಒಂದು ಕೋಣೆಗೆ ಒಂದು ಸಣ್ಣ ಯಂತ್ರ ಸಾಕು. 26 ಡಿಗ್ರಿಗೆ ಇಟ್ಟು ಜೊತೆಗೆ ಫ್ಯಾನ್ ತಿರುಗಿಸಿದರಾಯಿತು. ಉಳಿದ ಮನೆಗೆ ಬೇಕಾದುದು ಮನೆಯ ಸುತ್ತ ಕಡಿದ ಮರಗಳ ಜಾಗದಲ್ಲಿ ಹೊಸ ಸಸಿ, ಹಂಚು ಕಿತ್ತು ತಗಡು ಹೊದಿಸಿದಲ್ಲಿ ಮತ್ತೆ ಹಂಚು, ಮುಚ್ಚಿದ ಕಿಟಕಿಗಳಿಗೆ ಬಿಡುಗಡೆ.

ತೊಟ್ಟಿಯಲ್ಲಿ ನಿಂತರೆ ಆಕಾಶ ಕಾಣದ, ಮಳೆಯ ಸದ್ದು ಕೇಳದ ಮನೆಯಲ್ಲಿ ತಂಗಲು ಅತಿಥಿ ಘಟ್ಟ ಹತ್ತಿ ಬರಬೇಕೇಕೆ? ಅಂಥ ಕೋಣೆಗಳು ನಗರದಲ್ಲಿಯೇ ಬೇಕಾದಷ್ಟಿವೆ.