ಕಂಪನಿ ಮಾಡಿದ್ದಾ ಎಂದು ಕೇಳಬೇಡಿ, ತೂಗಿ ನೋಡಿ

ಪಿಕಪ್ ಗಾಡಿಯ ಹಿಂಭಾಗದಲ್ಲಿ ಮಲಗುವ ಕೋಣೆ ಕಟ್ಟಿಕೊಳ್ಳುತ್ತೇವೆ ಎಂದರೆ ನೆಂಟರೆಲ್ಲ ಮೊದಲು ಕೇಳುವುದು ಟಾಯ್ಲೆಟ್ ಎಲ್ಲಿ ಎಂದು. ಕಾನೂನು ಕೇಳುವುದು ಗಾಡಿ ಕಂಪನಿಯಿಂದ ಬಂದ ಹಾಗೆಯೇ ಇದೆಯಾ ಎಂದು. ತೂಕ ಎಷ್ಟು ಎಂದು ಯಾರೂ ಕೇಳುವುದಿಲ್ಲ. ಕೇಳಬೇಕಾದದ್ದು ಅದನ್ನೇ.

ಲೋಕೋಪಯೋಗಿ ಇಲಾಖೆಯಲ್ಲಿ ನಕ್ಷೆ ಬರೆಯುತ್ತಲೇ ಕೂದಲು ಬೆಳ್ಳಗಾಗಿಸಿಕೊಂಡು ನಿವೃತ್ತಳಾದವಳು ನಾನು. ನಮ್ಮ ಮನೆಯವರಿಗೆ ಡ್ರೈವಿಂಗ್ ಹುಚ್ಚು, ನನಗೆ ಅಳತೆಯ ಹುಚ್ಚು. ಹಾಗಾಗಿ ಶಿವಮೊಗ್ಗದ ನಮ್ಮ ಊಟದ ಮೇಜಿನ ಮೇಲೆ ಈಗ ಹರಡಿಕೊಂಡಿರುವುದು ಪಾಪ್-ಅಪ್ ಕ್ಯಾಂಪರ್‌ನ ನಕ್ಷೆ. ಊಟ ಅಡುಗೆಮನೆಯ ಕಟ್ಟೆಯ ಮೇಲೆ.

ಗಾಡಿ ಇಸುಜು ವಿ-ಕ್ರಾಸ್, ಸೆಕೆಂಡ್ ಹ್ಯಾಂಡ್. ಡಬಲ್ ಕ್ಯಾಬ್ ಆದ್ದರಿಂದ ಹಿಂದಿನ ತೊಟ್ಟಿಯ ಉದ್ದ ಹೆಚ್ಚುಕಮ್ಮಿ 5 ಅಡಿ ಮಾತ್ರ. ಕಾಲು ಚಾಚಿ ಮಲಗಬೇಕೆಂದರೆ ಹಾಸಿಗೆ ಡ್ರೈವರ್ ಕ್ಯಾಬಿನ್ನಿನ ಮೇಲಕ್ಕೆ ಚಾಚಲೇಬೇಕು. ಹಾಗೆಂದು ಆಳೆತ್ತರದ ಗಟ್ಟಿ ಡಬ್ಬ ಕೂರಿಸಿದರೆ ಆಗುಂಬೆ ಘಾಟಿಯ ತಿರುವಿನಲ್ಲಿ ಗಾಡಿ ವಾಲುತ್ತದೆ, ಹೆದ್ದಾರಿಯಲ್ಲಿ ಗಾಳಿಗೆ ಎದೆಯೊಡ್ಡಿ ಡೀಸೆಲ್ ಕುಡಿಯುತ್ತದೆ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟು. ಅದಕ್ಕೇ ಪಾಪ್-ಅಪ್: ಓಡುವಾಗ ಚಾವಣಿ ಕ್ಯಾಬಿನ್ನಿಗಿಂತ ಒಂದು ಗೇಣು ಎತ್ತರ, ನಿಂತಾಗ ಗ್ಯಾಸ್ ಸ್ಟ್ರಟ್‌ಗಳ ಬಲದಿಂದ ಮೇಲೆದ್ದು ಸುತ್ತ ಬಟ್ಟೆಯ ಗೋಡೆ.

ಆರ್‌ಸಿಯಲ್ಲಿ ಬರೆದ ಒಟ್ಟು ತೂಕದಿಂದ ಖಾಲಿ ತೂಕವನ್ನು ಕಳೆಯಿರಿ. ಉಳಿದದ್ದರಲ್ಲಿ ನೀವೂ ನಿಮ್ಮ ಯಜಮಾನರೂ ಸೇರಿದ್ದೀರಿ ಎನ್ನುವುದನ್ನು ಮರೆಯಬೇಡಿ. ಇಂಥ ಪಿಕಪ್‌ಗಳಲ್ಲಿ ಕೈಗೆ ಸಿಗುವುದು ಒಂದು ಸಣ್ಣ ಮೊತ್ತ. ಅದರೊಳಗೆ ಸಂಸಾರ ಹೂಡಬೇಕು. 25 ಮಿಲಿಮೀಟರ್ ಚೌಕದ ಕಬ್ಬಿಣದ ಪೈಪು, 1.6 ಮಿ.ಮೀ. ದಪ್ಪದ್ದು, ಮೀಟರಿಗೆ ಸುಮಾರು 1.2 ಕಿಲೋ. ಚೌಕಟ್ಟಿಗೆ 40 ಮೀಟರ್ ಬೇಕೆಂದರೆ ಹತ್ತಿರ ಹತ್ತಿರ 47 ಕಿಲೋ. ಅಲ್ಯೂಮಿನಿಯಂ ಆದರೆ 16. 12 ಮಿ.ಮೀ. ಪ್ಲೈವುಡ್ಡಿನ ಒಂದು ಇಡೀ ಶೀಟು 20 ಕಿಲೋ ದಾಟುತ್ತದೆ. ಅಷ್ಟೇ ಅಗಲದ ಒಂದಿಂಚು ಫೋಮ್ ಬೋರ್ಡು ಮೂರು ಕಿಲೋ ಕೂಡ ಇರುವುದಿಲ್ಲ. ಮನೆಯ ಇನ್ವರ್ಟರಿನ 150 ಎಎಚ್ ಟ್ಯೂಬ್ಯುಲರ್ ಬ್ಯಾಟರಿ 50 ಕಿಲೋ ಮೀರಿದ ಭೀಮ. ಅದರಿಂದ ನೆಚ್ಚಿಕೊಂಡು ಬಳಸಬಹುದಾದಷ್ಟು ವಿದ್ಯುತ್ತನ್ನು 100 ಎಎಚ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ 12 ಕಿಲೋ ಆಸುಪಾಸಿನಲ್ಲೇ ಕೊಡುತ್ತದೆ. ದುಬಾರಿ ನಿಜ. ನೀರಿಗೆ ಮಾತ್ರ ಯಾವ ಉಪಾಯವೂ ಇಲ್ಲ, ಲೀಟರಿಗೆ ಒಂದು ಕಿಲೋ. ಟಾಯ್ಲೆಟ್ ಚರ್ಚೆ ನಮ್ಮಲ್ಲಿ ನಿಂತಿರುವುದೂ ಅಲ್ಲೇ: ಅವರಿಗೆ ಬೇಕು, ನನ್ನ ಲೆಕ್ಕದ ಪುಸ್ತಕದಲ್ಲಿ ಅದಕ್ಕೆ ಜಾಗವಿಲ್ಲ.

ವೆಲ್ಡಿಂಗ್ ಶಾಪಿನ ಹುಡುಗ, “ಮೇಡಂ, ಕಬ್ಬಿಣದಲ್ಲೇ ಹೊಡೀತೀನಿ, ಆನೆ ಹತ್ತಿದ್ರೂ ಏನೂ ಆಗಲ್ಲ” ಎಂದ. ಆನೆ ಹತ್ತುವುದಿಲ್ಲಪ್ಪಾ, ನಾವಿಬ್ಬರೇ ಎಂದೆ.

ಬಟ್ಟೆಯ ಗೋಡೆಯದು ಬೇರೆ ಕಥೆ. ಹತ್ತಿಯ ಕ್ಯಾನ್ವಾಸ್ ಉಸಿರಾಡುತ್ತದೆ, ಆದರೆ ಮಲೆನಾಡಿನ ಮಳೆಯಲ್ಲಿ ನೆಂದು ಭಾರವಾಗುತ್ತದೆ, ಹಸಿಯಾಗಿ ಮಡಚಿಟ್ಟರೆ ಬೂಷ್ಟು ಹಿಡಿಯುತ್ತದೆ. ಲಾರಿಗೆ ಹೊದಿಸುವ ಪಿವಿಸಿ ಟಾರ್ಪಾಲು ನೀರು ಬಿಡುವುದಿಲ್ಲ, ನಮ್ಮ ಉಸಿರನ್ನೂ ಹೊರಬಿಡುವುದಿಲ್ಲ. ಬೆಳಗ್ಗೆ ಒಳಗೇ ಹನಿ ತೊಟ್ಟಿಕ್ಕುತ್ತದೆ. ನನ್ನ ತೀರ್ಮಾನ ಸರಳ: ಆಷಾಢದಲ್ಲಿ ಮನೆಯಲ್ಲಿರಿ.

ಕಾನೂನಿನ ಮಾತಿಗೆ ಬರೋಣ. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲದಲ್ಲಿ ನಮೂದಿಸಿದ್ದಕ್ಕಿಂತ ಬೇರೆಯಾಗುವಂತೆ ಮಾಲೀಕ ವಾಹನವನ್ನು ಮಾರ್ಪಡಿಸುವಂತಿಲ್ಲ. ಕೇರಳದಿಂದ ಹೋದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಬಿಗಿಯಾಗಿ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು ಎಂದಿತು. ಹೆಡ್‌ಲೈಟ್ ಕಣ್ಣು ಕುಕ್ಕುವ, ಸೈಲೆನ್ಸರ್ ಕಿವಿ ಹರಿಯುವ ಗಾಡಿಗಳನ್ನು ದಿನಾ ನೋಡುವ ನನಗೆ ಈ ಬಿಗಿಯ ಮೇಲೆ ಸಿಟ್ಟಿಲ್ಲ.

ಆದರೆ ನಮ್ಮದು ನಾಲ್ಕು ಟರ್ನ್‌ಬಕಲ್ ಬಿಚ್ಚಿದರೆ ಕೆಳಗಿಳಿಯುವ ಪೆಟ್ಟಿಗೆ. ಚಾಸಿಗೆ ತೂತು ಕೊರೆಯುವುದಿಲ್ಲ, ಗಾಡಿ ಓಡುವಾಗ ಒಳಗೆ ಯಾರೂ ಕೂರುವುದಿಲ್ಲ. ಇದು ಮಾರ್ಪಾಡೋ, ಅಡಿಕೆ ಮೂಟೆಯ ಹಾಗೆ ಹೊರೆಯೋ? ರಸ್ತೆಯಲ್ಲಿ ಗಾಡಿ ತಡೆದ ಅಧಿಕಾರಿಯ ಆ ಹೊತ್ತಿನ ಮನಸ್ಸಿಗೆ ಇದನ್ನು ಬಿಡುವಂತಿಲ್ಲ. ಅಪಘಾತವಾದ ಮೇಲೆ ವಿಮೆಯವರ ಮುಂದೆ ವಾದಿಸುವ ಪಾಡಂತೂ ಯಾರಿಗೂ ಬೇಡ. ಇಂಥ ಪೆಟ್ಟಿಗೆಗಳು ದಶಕಗಳಿಂದ ಓಡಾಡುವ ಅಮೆರಿಕದಲ್ಲಿ ಪಿಕಪ್‌ನ ಚಾಲಕನ ಬಾಗಿಲು ತೆರೆದರೆ ಚೌಕಟ್ಟಿನಲ್ಲೊಂದು ಚೀಟಿ ಕಾಣುತ್ತದೆ: ಜನ, ಸಾಮಾನು ಎರಡೂ ಸೇರಿ ಇಷ್ಟು ತೂಕ ಮೀರಬಾರದು ಎಂದು. ಕಟ್ಟುವವನು ಅಲ್ಲಿಂದ ಲೆಕ್ಕ ಶುರು ಮಾಡುತ್ತಾನೆ.

ನಮ್ಮಲ್ಲೂ ಮೋಟಾರು ಕ್ಯಾರವಾನ್‌ಗಳಿಗೆ ಎಐಎಸ್-124 ಎಂಬ ಮಾನದಂಡವಿದೆ. ಆ ದಾರಿ ಹತ್ತಾರು ಗಾಡಿ ತಯಾರಿಸಿ ಮಾರುವ ಕಂಪನಿಗಳಿಗೆ ಸರಿ. ಕೇರಳ 2021ರಲ್ಲಿ ಕ್ಯಾರವಾನ್ ಪ್ರವಾಸಕ್ಕೆಂದೇ ಯೋಜನೆ ತಂದಿತು. ಅದೂ ಉದ್ಯಮಿಗಳನ್ನು ಕಣ್ಣೆದುರಿಗಿಟ್ಟುಕೊಂಡದ್ದೇ. ಜೀವನದಲ್ಲಿ ಒಂದೇ ಒಂದು ಪೆಟ್ಟಿಗೆ ಕಟ್ಟುವ ನಿವೃತ್ತ ದಂಪತಿ ಯಾವ ಬಾಗಿಲು ತಟ್ಟಬೇಕು? ಪೆಟ್ರೋಲ್ ಕಾರಿಗೆ ಸಿಎನ್‌ಜಿ ಕಿಟ್ ಹಾಕಿಸಲು ಕ್ರಮವಿದೆ: ಅನುಮೋದಿತ ಕಿಟ್ಟು, ಜೋಡಿಸುವ ಅಧಿಕೃತ ಕೇಂದ್ರ, ಆರ್‌ಸಿಯಲ್ಲಿ ನಮೂದು. ಬಾಂಬಿನಂಥ ಸಿಲಿಂಡರನ್ನು ಡಿಕ್ಕಿಯಲ್ಲಿ ಹೊರಲು ದಾರಿ ಮಾಡಿಕೊಟ್ಟವರು ಹಾಸಿಗೆಗೆ ಯಾಕೆ ಮಾಡಬಾರದು?

ನಾನು ಕೇಳುತ್ತಿರುವುದು ವಿನಾಯಿತಿಯಲ್ಲ, ತಪಾಸಣೆ. ಅದೂ ಶೀಟು ಕತ್ತರಿಸುವ ಮೊದಲೇ ನಕ್ಷೆ ನೋಡಿ ಹೌದು ಅಥವಾ ಇಲ್ಲ ಎನ್ನುವಂಥದ್ದು. ಕಟ್ಟಿದ ಮೇಲೆ ನೀರು ತುಂಬಿ, ನಾವಿಬ್ಬರೂ ಕೂತು ವೇಬ್ರಿಡ್ಜಿಗೆ ಹತ್ತಲಿ. ಹಿಂದಿನ ಚಕ್ರಗಳ ಮೇಲೆ ಎಷ್ಟು ಬಿತ್ತು ಎಂಬ ಚೀಟಿಯನ್ನೂ ತರುತ್ತೇವೆ. ಇನ್‌ಸ್ಪೆಕ್ಟರು ಟರ್ನ್‌ಬಕಲ್ ಅಲ್ಲಾಡಿಸಿ ನೋಡಲಿ. ಬಾಗಿಲಿಗೆ ಬೆಂಕಿ ಬಿದ್ದರೆ ಹೊರಬರಲು ಇನ್ನೊಂದು ದಾರಿ ಇದೆಯಾ ಎಂದು ಕೇಳಲಿ. 5 ಕಿಲೋ ಸಿಲಿಂಡರು ಎಲ್ಲಿದೆ ಎಂದೂ ಕೇಳಲಿ, ಏಕೆಂದರೆ ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದ್ದು ಪಿಕಪ್ಪಿನ ತೊಟ್ಟಿಯ ತಳದಲ್ಲೇ ಮಡುಗಟ್ಟುತ್ತದೆ. ನನ್ನ ನಕ್ಷೆಯಲ್ಲಿ ಅದಕ್ಕೆ ಹೊರಗಿನಿಂದಷ್ಟೇ ತೆರೆಯುವ ಗೂಡಿದೆ, ತಳದಲ್ಲಿ ಬಯಲಿಗೆ ಬಾಯ್ದೆರೆದ ತೂತಿದೆ. ಇದೆಲ್ಲ ಸರಿ ಎನಿಸಿದರೆ, ಕಳಚಬಹುದಾದ ಕ್ಯಾಂಪರ್, ತೂಕ ಇಷ್ಟು, ಚಲಿಸುವಾಗ ಒಳಗೆ ಪ್ರಯಾಣ ನಿಷಿದ್ಧ ಎಂದು ಆರ್‌ಸಿಯಲ್ಲಿ ಒಂದು ಸಾಲು ಬರೆದು, ಶುಲ್ಕ ವಸೂಲಿ ಮಾಡಿ, ಐದು ವರ್ಷಕ್ಕೊಮ್ಮೆ ಮತ್ತೆ ಕರೆಸಲಿ. ನಕ್ಷೆ ಮೂರು ಪ್ರತಿ ಬೇಕೆಂದರೂ ಕೊಡುತ್ತೇನೆ, ಸ್ಕೇಲು ಹಾಕಿ.