ಕಂಪ್ಯೂಟರ್ ಹೋದರೂ ಕಡತ ಉಳಿಯಲಿ

2018ರ ಆಗಸ್ಟ್‌ನಲ್ಲಿ ಕೊಡಗಿನ ಬೆಟ್ಟಗಳು ಕುಸಿದಾಗ ಮಕ್ಕಂದೂರು, ಜೋಡುಪಾಲ ಸುತ್ತಮುತ್ತಲಿನ ಜನ ಉಟ್ಟ ಬಟ್ಟೆಯಲ್ಲೇ ಮನೆ ತೊರೆಯಬೇಕಾಯಿತು. 2019ರಲ್ಲಿ ತೋರ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ ಅದೇ ಎಚ್ಚರಿಕೆಯನ್ನು ಮತ್ತೆ ನೀಡಿದವು. ಅಂಥ ಗಳಿಗೆಯಲ್ಲಿ ಕಂಪ್ಯೂಟರ್ ಹೊತ್ತು ಓಡುವುದು ಸಾಧ್ಯವಲ್ಲ, ಸಾಧುವೂ ಅಲ್ಲ. ಅದರೊಳಗಿನ ಮಾಹಿತಿಯನ್ನು ಮಳೆಗೆ ಮುನ್ನವೇ ಬೇರೆಡೆ ಉಳಿಸಿಡುವುದು ಮಾತ್ರ ನಮ್ಮ ಕೈಯಲ್ಲೇ ಇದೆ.

ಪಹಣಿ ಕಳೆದರೆ 'ಭೂಮಿ' ದತ್ತಾಂಶದಿಂದ ಇನ್ನೊಂದು ಪ್ರತಿ ಸಿಗುತ್ತದೆ. ಆದರೆ ಕಾಫಿ ತೋಟದ ಲೆಕ್ಕ, ಮನೆಯ ಹಳೆಯ ಚಿತ್ರಗಳು, ಹಿರಿಯರ ದನಿಯಲ್ಲಿ ದಾಖಲಿಸಿಕೊಂಡ ಹಾಡುಗಳು ಯಾವ ಕಚೇರಿಯಲ್ಲಿವೆ? ನಡಿಕೇರಿಯಂಡ ಚಿಣ್ಣಪ್ಪನವರು ಸಂಗ್ರಹಿಸಿದ ಕೊಡವ ಹಾಡುಗಳು 1924ರಲ್ಲಿ 'ಪಟ್ಟೋಲೆ ಪಳಮೆ'ಯಾಗಿ ಅಚ್ಚಾದವು. ಹಲವು ಪ್ರತಿಗಳಾಗಿ ಹಲವು ಮನೆ ಸೇರಿದ್ದರಿಂದಲೇ ಅವು ಉಳಿದವು ಎಂಬುದನ್ನು ನಾವು ಮರೆಯಬಾರದು.

ಕಳವಿನ ಭೀತಿ ಬೇರೆ ಬಗೆಯದು. ಮಕ್ಕಳು ಬೆಂಗಳೂರಿನಲ್ಲಿದ್ದು, ತೋಟದ ಮನೆಗೆ ಬೀಗ ಬೀಳುವುದು ಇಲ್ಲಿ ಸಾಮಾನ್ಯ. ಕಳ್ಳ ನೋಡುವುದು ಯಂತ್ರದ ಬೆಲೆಯನ್ನು; ಅದರಲ್ಲಿರುವ ಬ್ಯಾಂಕ್ ವಿವರ, ಆಧಾರ್ ಪ್ರತಿಗಳ ಬೆಲೆ ಅದಕ್ಕೂ ಹೆಚ್ಚು. ಕದ್ದ ಕಂಪ್ಯೂಟರನ್ನು ತಿಳಿದೂ ಕೊಳ್ಳುವವರಿಗೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಬಿ ಕಲಮಿನಡಿ 3 ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು. ಆದರೆ ಶಿಕ್ಷೆಯಿಂದ ಮಾಹಿತಿ ಮರಳದು. ಪಾಸ್‌ವರ್ಡ್ ಒಂದೇ ಸಾಲದು. ಡಿಸ್ಕ್ ಬಿಚ್ಚಿ ಮತ್ತೊಂದು ಯಂತ್ರಕ್ಕೆ ಜೋಡಿಸಿ ಓದಬಹುದು. ಇಡೀ ಡಿಸ್ಕನ್ನು ಗೂಢಲಿಪಿಗೆ ಇಳಿಸುವುದೇ ಸರಿಯಾದ ಬೀಗ. ವಿಂಡೋಸ್‌ನ ಹಲವು ಆವೃತ್ತಿಗಳಲ್ಲಿ ಬಿಟ್‌ಲಾಕರ್, ಮ್ಯಾಕ್‌ನಲ್ಲಿ ಫೈಲ್‌ವಾಲ್ಟ್ ಇದಕ್ಕೆಂದೇ ಇವೆ. ಅದರ ಕೀಲಿಸಂಖ್ಯೆಯನ್ನು ಬರೆದು ಬೇರೆಡೆ ಇಡಬೇಕು. ಅದು ಕಳೆದರೆ ಯಜಮಾನನಿಗೂ ಬಾಗಿಲು ತೆರೆಯದು.

ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಊರಿನಲ್ಲಿ ಎಂಬುದು ಬಲ್ಲವರು ಹೇಳುವ ಸೂತ್ರ. ಕಂಪ್ಯೂಟರಿನ ಪಕ್ಕದಲ್ಲೇ ಇಟ್ಟ ಡಿಸ್ಕನ್ನು ಕಳ್ಳನೂ ಒಯ್ಯುತ್ತಾನೆ, ಮಣ್ಣೂ ನುಂಗುತ್ತದೆ. ಅಂತರ್ಜಾಲದಲ್ಲಿ ಉಳಿಸುವುದು ಒಳ್ಳೆಯದೇ. ಆದರೆ ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟೂ ನೆಟ್‌ವರ್ಕೂ ಇಲ್ಲದ ಹಳ್ಳಿಗಳು ಅದೊಂದನ್ನೇ ನೆಚ್ಚಲಾಗದು. ಮಾಡಿಟ್ಟ ಪ್ರತಿ ತೆರೆಯುತ್ತದೆಯೇ ಎಂದು ಆಗಾಗ್ಗೆ ನೋಡುವುದೂ ಅಗತ್ಯ.

ಪುತ್ತರಿಗೆ ಒಕ್ಕದವರೆಲ್ಲ ಐನ್‌ಮನೆಯಲ್ಲಿ ಕೂಡುತ್ತಾರೆ. ಆ ದಿನ ಒಂದು ಡಿಸ್ಕ್ ಮೈಸೂರಿಗೋ ಬೆಂಗಳೂರಿಗೋ ಹೋಗುವ ನೆಂಟರ ಕೈ ಸೇರಲಿ. ಮೇ ತಿಂಗಳಲ್ಲಿ ಹೊಸ ಪ್ರತಿ ಅದರ ಜಾಗಕ್ಕೆ ಬರಲಿ ಎಂಬುದು ನನ್ನ ಸಲಹೆ. ಜಿಲ್ಲಾಡಳಿತವೂ ಮುಂಗಾರು ಪೂರ್ವದ ಸೂಚನೆಗಳಲ್ಲಿ ಇದನ್ನು ಸೇರಿಸಬೇಕು. ಮನೆಯನ್ನು ಮತ್ತೆ ಕಟ್ಟಬಹುದು. ಅಳಿದ ದನಿಯನ್ನು ಕಟ್ಟಲಾಗದು.