ಬಿಟ್ಟಿ ಬೇರೆ, ಮುಕ್ತ ಬೇರೆ ಕಣ್ರೀ

"ಬರಹಕ್ಕೂ ದುಡ್ಡು ಕೇಳ್ತಾರಲ್ರೀ, ಕನ್ನಡಕ್ಕೇ ದ್ರೋಹ!" ಅನ್ನೋ ಮಾತು ಇನ್ನೂ ಕಿವಿಗೆ ಬೀಳ್ತಾ ಇರುತ್ತೆ. ಹೇಳೋರು ಹೆಚ್ಚಾಗಿ ನಮ್ಮ ಕಸುಬಿನವರೇ. ತಿಂಗಳಾಯ್ತು ಅಂದ್ರೆ ಸಂಬಳ ಬಂತಾ ಅಂತ ನೋಡೋರು. ಕೇಳಿದ್ರೆ ಮೈ ಉರಿಯುತ್ತೆ ನನಗೆ.

ಶೇಷಾದ್ರಿವಾಸು ಚಂದ್ರಶೇಖರನ್ ಬರಹವನ್ನು ಹೊರತಂದದ್ದು 1998ರಲ್ಲಿ. ಇಂಗ್ಲಿಷ್ ಅಕ್ಷರ ಒತ್ತಿದ್ರೆ ಕನ್ನಡ ಮೂಡೋ ಹಾಗೆ ಮಾಡಿ, ವರ್ಷಗಟ್ಟಲೆ ಬಿಟ್ಟಿ ಕೊಟ್ರು. ಆಮೇಲೆ ಬೆಲೆ ಕಟ್ಟಿದ್ರು. ಅವರ ಕೋಡ್, ಅವರ ಇಷ್ಟ ಸ್ವಾಮಿ. ಅದಕ್ಕೆ ಕ್ರ್ಯಾಕ್ ಹುಡುಕಿ ಪೆನ್‌ಡ್ರೈವಿನಲ್ಲಿ ಹಂಚೋದು ಕನ್ನಡ ಸೇವೆ ಅಂತ ಯಾರಾದ್ರೂ ಅಂದ್ರೆ ನಾನಂತೂ ಒಪ್ಪೋಲ್ಲ.

ಇದೇನು ಕನ್ನಡಕ್ಕೆ ಮಾತ್ರ ಬಂದ ಗ್ರಹಚಾರವೂ ಅಲ್ಲ. ಮಾರ್ಕ್ ರಸಿನೋವಿಚ್ ಮತ್ತು ಬ್ರೈಸ್ ಕಾಗ್ಸ್‌ವೆಲ್ ಅವರ ಸಿಸ್‌ಇಂಟರ್ನಲ್ಸ್ ಗೊತ್ತಲ್ಲ? 2006ರ ಜುಲೈನಲ್ಲಿ ಮೈಕ್ರೋಸಾಫ್ಟ್ ಅದನ್ನು ಕೊಂಡುಕೊಂಡಿತು. ಟೂಲುಗಳನ್ನು ಇವತ್ತಿಗೂ ಕಾಸಿಲ್ಲದೆ ಇಳಿಸಿಕೊಳ್ಳಬಹುದು. ಆದರೆ ನಿಮ್ಮ ತಾಣದಲ್ಲಿ ಇಡೋ ಹಾಗಿಲ್ಲ, ಪತ್ರಿಕೆ ಜೊತೆ ಸಿಡಿಯಲ್ಲಿ ಕೊಡೋ ಹಾಗಿಲ್ಲ. ಮೊದಲು ಹಲವು ಟೂಲುಗಳ ಜೊತೆ ಸಿಗ್ತಿದ್ದ ಸೋರ್ಸ್ ಕೋಡ್ ಕೂಡ ಮಾಯ. ಬಿಟ್ಟಿ ಉಳೀತು, ಹಂಚೋ ಹಕ್ಕು ಹೋಯ್ತು.

ನಾವು ಜಗಳ ಆಡಬೇಕಾದ್ದು ಬೇರೆ ಕಡೆ. ಸರ್ಕಾರದ ನೆರವಿನಿಂದ ಕನ್ನಡ ಗಣಕ ಪರಿಷತ್ತು ಮಾಡಿಕೊಟ್ಟ 'ನುಡಿ' ಇದೆಯಲ್ಲ, ಅದು ನಿಮ್ಮ ನನ್ನ ತೆರಿಗೆ ದುಡ್ಡು. ಕಚೇರಿ ಕಚೇರಿಯಲ್ಲೂ ಓಡಿದ ನುಡಿ 4ರ ಜೊತೆ ಸೋರ್ಸ್ ಕೋಡ್ ಬಂದಿರಲಿಲ್ಲ. "ಉಚಿತ ತಾನೇ, ಇನ್ನೇನು ಬೇಕು?" ಅಂದುಕೊಂಡು ಸುಮ್ಮನಿದ್ವಿ.

ಏನು ಬೇಕು ಅನ್ನೋದಕ್ಕೆ ಇಲ್ಲಿ ತುಮಕೂರಿನ ಸದಾಶಿವನಗರದ ಒಂದು ಜೆರಾಕ್ಸ್ ಅಂಗಡಿಗೆ ಬನ್ನಿ. ಹೊಸ ಕಂಪ್ಯೂಟರಿನಲ್ಲಿ ಹಳೇ ಕಡತ ತೆರೆದ್ರೆ ಲಗ್ನಪತ್ರಿಕೆ, ಕ್ರಯಪತ್ರ ಎಲ್ಲಾ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಯೂನಿಕೋಡ್ ಅಲ್ಲದ ಹಳೇ ಆಸ್ಕಿ ಫಾಂಟು, ಅದಿಲ್ಲದಿದ್ರೆ ಕನ್ನಡವೇ ಇಲ್ಲ! ಪುಣ್ಯಕ್ಕೆ ಅರವಿಂದ ವಿ.ಕೆ. ಅಂಥ ಪಠ್ಯವನ್ನು ಯೂನಿಕೋಡಿಗೆ ತಿರುಗಿಸೋ ಪರಿವರ್ತಕ ಬರೆದು, ಕೋಡನ್ನೂ ಎಲ್ಲರಿಗೂ ಕಾಣೋ ಹಾಗೆ ಇಟ್ಟಿದ್ದಾರೆ. ಸರ್ಕಾರದ ಕೆಲಸ, ಒಬ್ಬ ಹುಡುಗ ಬಿಡುವಿನಲ್ಲಿ ಮಾಡಬೇಕಾಯ್ತು.

ಅವರದ್ದೇ ಗುಬ್ಬಿ ಫಾಂಟ್ ನೋಡಿ. (ನಮ್ಮ ಪಕ್ಕದ ತಾಲ್ಲೂಕಿನ ಹೆಸರು ಅಂತ ಹಿಗ್ಗಬೇಡಿ, ನವಿಲು ಅಂತ ಇನ್ನೊಂದಿದೆ, ಹಾಗಾಗಿ ಇದು ಹಕ್ಕಿಯೇ ಇರಬೇಕು.) ಜಿಪಿಎಲ್ ಪರವಾನಗಿ. ಡೆಬಿಯನ್ ಅದನ್ನು ತನ್ನ ಜೊತೆಗೇ ಹಂಚುತ್ತೆ, ಯಾರ ಕಾಲೂ ಹಿಡಿಯದೆ. ನಾಳೆ ಅರವಿಂದರೇ ಮನಸ್ಸು ಬದಲಿಸಿ ಮುಂದಿನ ಆವೃತ್ತಿಗೆ ಬೆಲೆ ಕಟ್ಟಿದರೂ ನಿಮ್ಮ ಕೈಲಿರೋ ಗುಬ್ಬಿಯನ್ನು ವಾಪಸ್ ಕೇಳೋಕೆ ಆಗೋಲ್ಲ. ತಿದ್ದಿ, ಹಂಚಿ, ಬೇಕಿದ್ರೆ ಮಾರಿ. ಅದೇ ಪರವಾನಗಿಯಲ್ಲಿ ಕೊಡಬೇಕು, ಅಷ್ಟೇ.

ಒಬ್ಬ ವ್ಯಕ್ತಿ ತನ್ನ ಸ್ವಂತ ದುಡಿಮೆಗೆ ಬೆಲೆ ಕಟ್ಟಿದ್ದಕ್ಕೆ ಇಷ್ಟೊಂದು ಕೂಗಾಡೋ ನಾವು, ನಮ್ಮದೇ ದುಡ್ಡಿನ ಕೋಡ್ ಎಲ್ಲಿ ಅಂತ ಕೇಳೋಕೆ ಯಾಕೆ ಸಂಕೋಚ? ಸರ್ಕಾರ ಇನ್ನೊಂದು ಕನ್ನಡ ತಂತ್ರಾಂಶ ಬಿಡುಗಡೆ ಮಾಡಿದಾಗ ಸಚಿವರ ಭಾಷಣ ಹಾಗಿರಲಿ, ಒಪ್ಪಿಗೆ ಒತ್ತೋ ಮುಂಚೆ ಲೈಸೆನ್ಸ್ ಪುಟ ಓದಿ. ಹಂಚೋ ಅನುಮತಿ ಕಾಣದಿದ್ರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಅದಕ್ಕೆ ಶುಲ್ಕ 10 ರೂಪಾಯಿ.